ಎಲ್ಲ ಮನೆಯ ಅಕ್ಕಿ

ನನ್ನ ಮೊಮ್ಮಗಳಿಗೆ ಈಗ ಮೂರು ತುಂಬಿದೆ. ನಮ್ಮ ಬೀದಿಯಲ್ಲಿ ಹಗಲೆಲ್ಲ ಪವರ್‌ಲೂಮುಗಳು ಬಡಿಯುತ್ತಲೇ ಇರುತ್ತವೆ, ಆದರೂ ನನ್ನ ಕಿವಿಗೆ ಬೀಳುವುದು ಅವಳ ಕಾಲ್ಗೆಜ್ಜೆ ಮಾತ್ರ. ಸೊಪ್ಪಿನ ಗಾಡಿಯ ಹತ್ತಿರ ನಿಂತರೂ ಅವಳ ಮಾತೇ, ಹಾಲಿನ ಡೈರಿಯಲ್ಲೂ ಅವಳ ಮಾತೇ. "ಅಜ್ಜಿ, ನೆನ್ನೆನೂ ಇದನ್ನೇ ಹೇಳಿದ್ರಿ" ಎಂದು ಡೈರಿಯವನು ನಗುತ್ತಾನೆ. "ಇವತ್ತೂ ಕೇಳಪ್ಪ, ನಿಂಗೇನ್ ಕಷ್ಟ" ಎನ್ನುತ್ತೇನೆ. ಮೂರನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಅಷ್ಟಿಷ್ಟು ಓದು ಉಳಿದದ್ದು ಚರ್ಚಿನ ಕೀರ್ತನೆ ಪುಸ್ತಕ ಹಿಡಿದು ಹಾಡಿ ಹಾಡಿ. ಅಂಥವಳು ಪೆನ್ನು ಹಿಡಿದು ಕೂತಿದ್ದೇನೆ ಎಂದರೆ ಈ ಸಂತೋಷ ಬಾಯಲ್ಲಿ ಹೇಳಿ ಮುಗಿಯುತ್ತಿಲ್ಲ ಅಂತಲೇ ಅರ್ಥ.

ಆದರೆ ಬರೆಯಲು ಕೂತರೆ ಮೊದಲು ಬರುವುದು ಸಂತೋಷವಲ್ಲ. ಅವಳು ಹುಟ್ಟುವುದಕ್ಕೆ ಮುಂಚಿನ ತಿಂಗಳುಗಳು ಬರುತ್ತವೆ. ಆಗ ಇವಳು ಹೊಟ್ಟೆಯಲ್ಲೇ ಉಳಿಯುತ್ತಾಳೋ ಇಲ್ಲವೋ, ಇವಳ ಜೊತೆಗೆ ಇವಳ ತಾಯಿಯನ್ನೂ ಮಣ್ಣಿಗೆ ಕೊಡಬೇಕಾಗುತ್ತದೋ ಏನೋ ಎಂದು ನಾನು ಒಲೆಯ ಮುಂದೆ ಕೂತು ನಡುಗಿದ್ದೇನೆ. ಅದನ್ನು ಹೇಳದೆ ಇವಳ ಗೆಜ್ಜೆಯ ಮಾತು ಹೇಳಿದರೆ ಅರ್ಧ ಹೇಳಿದ ಹಾಗೆ.

ಮೊದಲು ಅಕ್ಕಿಯ ವಿಷಯ ಹೇಳಬೇಕು. ದೊಡ್ಡಬಳ್ಳಾಪುರದ ನಮ್ಮ ಚರ್ಚಿನ ಸಣ್ಣ ಸಭೆಯಲ್ಲಿ ಹಿಡಿ ಅಕ್ಕಿ ಎಂಬ ಪದ್ಧತಿ ನನ್ನ ಅತ್ತೆಯ ಕಾಲದಿಂದಲೂ ಇದೆ. ಅನ್ನಕ್ಕೆ ಇಡುವಾಗ ಅಳೆದುಕೊಂಡ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ಇರುವವರೂ ಒಂದು ಹಿಡಿ, ಇಲ್ಲದವರೂ ಒಂದು ಹಿಡಿ. ತಿಂಗಳಿಗೊಮ್ಮೆ ನನ್ನ ಗೆಳತಿ ಚೀಲ ಹಿಡಿದು ಮನೆಮನೆಗೆ ಬರುತ್ತಾಳೆ. ಬಂದದ್ದೆಲ್ಲ ಚರ್ಚಿನ ಹಿಂದಿನ ಜಗಲಿಯಲ್ಲಿರುವ ನೀಲಿ ಡ್ರಮ್ಮಿಗೆ ಬೀಳುತ್ತದೆ. ಅದರಲ್ಲಿ ಅರ್ಧ ಊರಿನಲ್ಲಿ ಒಲೆ ಹತ್ತದ ಮನೆಗಳಿಗೆ. ಅವರು ಯಾವ ಜಾತಿ, ಯಾವ ದೇವರು ಎಂದು ಕೇಳುವುದಿಲ್ಲ. ಉಳಿದರ್ಧವನ್ನು ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಕೊಟ್ಟವರೇ ಕೂಗಿ ಕೊಳ್ಳುತ್ತಾರೆ, ಅಂಗಡಿಗಿಂತ ಹೆಚ್ಚು ಬೆಲೆಗೆ, ಆಮೇಲೆ ಮನೆಗೆ ಹೋಗಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾರೆ. ಆ ಹಣ ಸಮುದ್ರದಾಚೆ ನಾವು ಕಳಿಸಿದ ಮಿಷನರಿಗೆ ಹೋಗುತ್ತದೆ. ಮನೆಯಲ್ಲಿ ನಾವದನ್ನು ಊರಿನ ಪಾಲು, ದೂರದ ಪಾಲು ಎನ್ನುತ್ತೇವೆ.

ಹೆಂಡತಿಯರು ಬೈಯುವುದಕ್ಕೂ ಕಾರಣವಿದೆ. ಡ್ರಮ್ಮಿನಲ್ಲಿ ಒಬ್ಬರ ಮನೆಯ ಸೋನಾಮಸೂರಿ, ಇನ್ನೊಬ್ಬರ ಮನೆಯ ರೇಷನ್ ಅಕ್ಕಿ, ಮತ್ತೊಬ್ಬರ ಕುಸುಬಲಕ್ಕಿ, ಹಳೆಯದು ಹೊಸದು ಎಲ್ಲ ಬೆರೆತಿರುತ್ತದೆ. ಒಂದು ಪಾತ್ರೆಯಲ್ಲಿ ಬೇಯಿಸಿದರೆ ಕೆಲವು ಅಗುಳು ಮುದ್ದೆಯಾಗುತ್ತವೆ, ಕೆಲವು ಹಲ್ಲಿಗೆ ಕಲ್ಲಿನಂತೆ ಸಿಗುತ್ತವೆ. ಹಿಡಿ ಅಕ್ಕಿಯ ಅನ್ನವನ್ನು ಕಣ್ಣು ಮುಚ್ಚಿಕೊಂಡು ತಿಂದರೂ ಗೊತ್ತಾಗುತ್ತದೆ.

ನನ್ನ ಗೆಳತಿಗೆ ಅದರ ರುಚಿ ನನಗಿಂತ ಚೆನ್ನಾಗಿ ಗೊತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಒಬ್ಬಳೇ ಮಗಳು. ಆ ಮಗು ಊರಿನ ಪಾಲಿನಲ್ಲೇ ಬೆಳೆಯಿತು, ನರ್ಸಿಂಗ್ ಓದಿತು, ಕೊನೆಗೆ ಆಫ್ರಿಕಾದ ಯಾವುದೋ ದೇಶದ ಮಿಷನ್ ಆಸ್ಪತ್ರೆಗೆ ಹೋಯಿತು. ಹೆರಿಗೆ ಮಾಡಿಸುವುದು ಅಲ್ಲಿ ಅವಳ ಕೆಲಸ. ಊರಿನ ಪಾಲು ತಿಂದವಳಿಗೇ ದೂರದ ಪಾಲೂ ಹೋಗುತ್ತಿತ್ತು. ಗೆಳತಿ ಮನೆಬಾಗಿಲಲ್ಲಿ ಚೀಲ ಬಿಡಿಸಿ ನಿಂತು, "ಹಾಕ್ರೇ, ನನ್ ಮಗಳ ಹೊಟ್ಟೆ ಇನ್ನೂ ತುಂಬಿಲ್ವಂತೆ" ಎನ್ನುತ್ತಿದ್ದಳು. ಬಾಯಿ ಅವಳದ್ದು ಹಾಗೇ, ಕತ್ತರಿ.

ನನಗಿದ್ದವನು ಒಬ್ಬನೇ ಮಗ. ಲಗೇಜ್ ಆಟೋದಲ್ಲಿ ಸೀರೆ ಗಂಟುಗಳನ್ನು ಬೆಂಗಳೂರಿಗೆ ಹಾಕಿ ಬರುತ್ತಿದ್ದ. ಗಂಟು ತರಲು ಹೋಗುತ್ತಿದ್ದ ಒಂದು ಮಗ್ಗದ ಮನೆಯ ಮಗಳನ್ನೇ ರಿಜಿಸ್ಟರ್ ಮದುವೆಯಾಗಿ ಕರೆದುಕೊಂಡು ಬಂದ. ಅವರು ನೇಕಾರರು, ಹಿಂದೂಗಳು. ಎರಡು ಬೀದಿ ಆಚೆಗೇ ಮನೆ. ಅವಳ ಅಪ್ಪ ನಮ್ಮ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ:

"ಅಕ್ಕಿ ಮೂಟೆಗೆ ಧರ್ಮ ಮಾರ್ಕೊಂಡ್ ಹೋದೋಳು ನೀನು. ಇವತ್ತಿಂದ ನಮ್ಮನೇಲಿ ನೀನಿಲ್ಲ."

ಸೊಸೆ ಹೊಸಿಲ ಮೇಲೆ ನಿಂತಿದ್ದಳು. "ಚರ್ಚಿನ ಒಂದ್ ಕಾಳು ಅಕ್ಕಿ ನನ್ ಬಾಯಿಗೆ ಹೋದ್ರೆ ಆವತ್ತು ಬಂದು ಕೇಳಪ್ಪ" ಎಂದಳು. ಕೂಗಲಿಲ್ಲ. ಸೆರಗು ಸರಿಮಾಡಿಕೊಂಡು ಒಳಗೆ ಬಂದು ಪಾತ್ರೆ ತೊಳೆಯಲು ಕೂತಳು.

ಅವಳಿಗೆ ಯಾರೂ ಮತಾಂತರವಾಗು ಎನ್ನಲಿಲ್ಲ. ಹಣೆಗೆ ಕುಂಕುಮ ಇಡುತ್ತಿದ್ದಳು, ಒಳಮನೆಯ ಗೂಡಿನಲ್ಲಿ ಅವಳ ಲಕ್ಷ್ಮಿ ಪಟ ಇತ್ತು, ಗೋಡೆಯಲ್ಲಿ ನನ್ನ ಶಿಲುಬೆ ಇತ್ತು. ಮಗ ಇಬ್ಬರನ್ನೂ ರೇಗಿಸುತ್ತಿದ್ದ: "ನಮ್ಮನೇಲಿ ಡಬಲ್ ಸೆಕ್ಯೂರಿಟಿ ಕಣ್ರೀ."

ಆ ಸೆಕ್ಯೂರಿಟಿ ಅವನನ್ನು ಕಾಯಲಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಹಿಂದಿನಿಂದ ಬಂದು ಆಟೋವನ್ನು ಒತ್ತಿಕೊಂಡು ಹೋಯಿತು. ಸೀರೆ ಗಂಟುಗಳು ರಸ್ತೆಯ ಮೇಲೆ ಬಿಚ್ಚಿಕೊಂಡು ಬಿದ್ದಿದ್ದವಂತೆ. ಅವನ ಮೇಲೆ ಯಾರೋ ಒಂದು ಸೀರೆಯನ್ನೇ ಹೊದಿಸಿದ್ದರು. ಸೊಸೆಗೆ ಆಗ ನಾಲ್ಕನೇ ತಿಂಗಳು.

ಮಣ್ಣು ಮಾಡುವ ದಿನ ಅವಳ ತವರಿನಿಂದ ಒಬ್ಬರೂ ಬರಲಿಲ್ಲ. ಸಮಾಧಿಯ ಹತ್ತಿರ ಅವಳು ಅಳಲೂ ಇಲ್ಲ. ಮನೆಗೆ ಬಂದು ಗೋಡೆಗೆ ಒರಗಿ ಕೂತವಳು, ಆಚೆ ಬೀದಿಯ ಸದ್ದಿಗೆ ಕಿವಿ ಕೊಟ್ಟು, "ಅಪ್ಪನ ಮಗ್ಗ ಓಡ್ತಾ ಇದೆ, ಇವತ್ತೂ ನಿಲ್ಸಿಲ್ಲ" ಎಂದಳು. ಅಷ್ಟೊಂದು ಮಗ್ಗಗಳ ನಡುವೆ ಅದೊಂದೇ ಅವಳಿಗೆ ಗೊತ್ತಾಗುತ್ತಿತ್ತು.

ಆಮೇಲೆ ಕಷ್ಟ ಮನೆಯೊಳಗೇ ಬಂದು ಕೂತಿತು. ನನ್ನ ಮಂಡಿ ಹೋಗಿ, ಮನೆಗೆಲಸಕ್ಕೆ ಹೋಗುವುದು ನಿಂತಿತ್ತು. ಸೊಸೆ ಮನೆಯಲ್ಲೇ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಆದರೆ ಆ ವರ್ಷ ಸೀರೆ ಹೋಗದೆ ಅರ್ಧ ಮಗ್ಗಗಳು ನಿಂತಿದ್ದವು, ಸುತ್ತಲು ನೂಲೇ ಬರುತ್ತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ನನ್ನ ಪಾಲಿನ ಅಕ್ಕಿ ಮಾತ್ರ. ಅವಳ ಹೆಸರು ಇನ್ನೂ ಅಪ್ಪನ ಕಾರ್ಡಿನಲ್ಲೇ ಇತ್ತು, ಬಿಡಿಸಿಕೊಡಲು ಆತ ಒಪ್ಪಲಿಲ್ಲ. ಇಲ್ಲದವಳ ಪಾಲಿನ ಅಕ್ಕಿ ತಿಂಗಳು ತಿಂಗಳೂ ಆ ಮನೆಗೆ ಹೋಗುತ್ತಿತ್ತು. ಅಂಗನವಾಡಿಯಲ್ಲಿ ಬಸುರಿಯರಿಗೆ ಊಟ ಹಾಕುತ್ತಾರೆ, ಅಲ್ಲಿಗೆ ಹೋದರೆ ಸಾಲಿನಲ್ಲಿ ಕೂತವರೆಲ್ಲ ತವರಿನ ಬೀದಿಯವರು. ಒಂದು ದಿನ ಹೋಗಿ ಬಂದವಳು ಮತ್ತೆ ಹೋಗಲಿಲ್ಲ. ಯಾರು ಏನೆಂದರು ಎಂದು ನಾನು ಕೇಳಲಿಲ್ಲ.

ಆಶಾ ಕಾರ್ಯಕರ್ತೆ ಬಂದು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ನನ್ನ ಕಡೆ ತಿರುಗಿದಳು. "ಅಜ್ಜಿ, ಒಳಗೆ ಬಿಳಿಚಿಕೊಂಡಿದೆ. ರಕ್ತಾನೇ ಇಲ್ಲ ಇವ್ರಿಗೆ. ಮಾತ್ರೆ ಕೊಟ್ರೆ ಖಾಲಿ ಹೊಟ್ಟೇಲಿ ನುಂಗ್ತಾರೆ, ವಾಂತಿ ಮಾಡ್ತಾರೆ. ಊಟ ಮಾಡ್ಸಿ. ಇಲ್ದಿದ್ರೆ ಇಬ್ರೂ ಕಷ್ಟ."

ಗೆಳತಿ ಚೀಲ ತಂದಳು. ಈ ಸಲ ತೆಗೆದುಕೊಂಡು ಹೋಗಲು ಅಲ್ಲ. ಅಯ್ಯನವರು, ಎಂದರೆ ನಮ್ಮ ಸಭೆಯ ಪಾದ್ರಿಗಳು, ಊರಿನ ಪಾಲಿನಿಂದ ಕಳಿಸಿದ್ದರು. ಅಷ್ಟು ವರ್ಷ ಆ ಡ್ರಮ್ಮಿನ ಅಕ್ಕಿಯ ಕಲ್ಲು ಆರಿಸಿದವಳು ನಾನು. ಈಗ ಅದೇ ಚೀಲ ನನ್ನ ಬಾಗಿಲಲ್ಲಿ. ಸೊಸೆ ಒಳಗಿನಿಂದಲೇ ಹೇಳಿದಳು:

"ಅಮ್ಮ, ಬೇಜಾರ್ ಮಾಡ್ಕೋಬೇಡಿ. ವಾಪಸ್ ತಗೊಂಡ್ ಹೋಗಿ."

"ನಿಂಗಲ್ಲ ಕಣೇ, ಹೊಟ್ಟೇಲಿರೋದಕ್ಕೆ" ಎಂದಳು ಗೆಳತಿ.

"ಅದೂ ನಂದೇ ಅಲ್ವಾ. ಅದಕ್ಕೂ ಆ ಮಾತು ಅಂಟ್ಕೊಳ್ಳೋದು ಬೇಡ."

ಗೆಳತಿ ನನ್ನನ್ನು ಹೊರಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. ಚೀಲ ಅವಳ ಮನೆಯಲ್ಲೇ ಇಟ್ಟೆವು. ನಾನು ಸೆರಗಿನಲ್ಲಿ ಸ್ವಲ್ಪ ಸ್ವಲ್ಪವೇ ತಂದು ನಮ್ಮ ಅಕ್ಕಿ ಡಬ್ಬಿಗೆ ಸುರಿದೆ. ಅಂಗಡಿಯವನು ಸಾಲ ಕೊಟ್ಟ ಎಂದೆ. ಇಬ್ಬರು ಮುದುಕಿಯರು, ಜೀವಮಾನವೆಲ್ಲ ಆ ಅಕ್ಕಿಯ ಜೊತೆಗೇ ಬದುಕಿದವರು, ಅನ್ನ ಬೆಂದ ಮೇಲೆ ಏನಾಗುತ್ತದೆ ಎಂಬುದು ಹೊಳೆಯಲೇ ಇಲ್ಲ.

ಸೊಸೆ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಒಂದು ಅಗುಳು ಮೆತ್ತಗೆ, ಒಂದು ಅಗುಳು ಕಟಕ್ ಎಂದಿತು. ನನಗೇ ಕೇಳಿಸಿತು. ಅವಳು ತಟ್ಟೆಗೆ ನೀರು ಸುರಿದು ಎದ್ದಳು.

"ಇದು ಯಾವ್ ಅಂಗಡಿ ಅಕ್ಕಿ ಅತ್ತೆ?"

ನಾನು ಎದ್ದು ಅಕ್ಕಿ ಡಬ್ಬಿಯ ಮುಚ್ಚಳ ಹಾಕಿದೆ.

"ನನ್ ಅಪ್ಪ ಬೀದೀಲಿ ನಿಂತು ಅಂದಿದ್ದನ್ನ ನೀವು ನಿಜ ಮಾಡಿಬಿಟ್ರಿ" ಎಂದಳು. ಕೋಪಕ್ಕಿಂತ ಅದರಲ್ಲಿ ಸುಸ್ತೇ ಹೆಚ್ಚಿತ್ತು. ಅವತ್ತಿನಿಂದ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ಸಿಕ್ಕ ಕೂಲಿಯಲ್ಲಿ ಪಾವು ಅಕ್ಕಿಯನ್ನೋ ಒಂದಿಷ್ಟು ರಾಗಿ ಹಿಟ್ಟನ್ನೋ ತಾನೇ ತಂದು, ಬೇರೆ ಡಬ್ಬಿಯಲ್ಲಿಟ್ಟು, ಬೇರೆ ಬೇಯಿಸಿಕೊಳ್ಳುತ್ತಿದ್ದಳು. ಕೂಲಿ ಸಿಗದ ದಿನ ಟೀ. ಬೆಳಿಗ್ಗೆ ಏಳುವಾಗ ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದಳು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮಗನ ಸಮಾಧಿಗೆ ಹಾಕಿದ ಮಣ್ಣು ಇನ್ನೂ ಕೂತಿರಲಿಲ್ಲ. ಪಕ್ಕದ ಖಾಲಿ ಜಾಗ ನನ್ನ ಕಣ್ಣೆದುರು ಬರುತ್ತಿತ್ತು. ಬೇಡವೆಂದರೂ ಬರುತ್ತಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಗೆಳತಿ ಫೋನು ಹಿಡಿದುಕೊಂಡು ಓಡಿ ಬಂದಳು. ಅವಳ ಮಗಳ ಕರೆ. ಅಲ್ಲಿ ನೆಟ್‌ವರ್ಕ್ ಸಿಗುವುದೇ ಅಪರೂಪ. "ತಗೋ, ನಿನ್ ಹತ್ರ ಮಾತಾಡ್ಬೇಕಂತೆ" ಎಂದು ಸೊಸೆಯ ಕೈಗೆ ಕೊಟ್ಟು ಸ್ಪೀಕರ್ ಒತ್ತಿದಳು.

"ಅಕ್ಕಾ, ಅಮ್ಮ ಎಲ್ಲಾ ಹೇಳಿದ್ಲು. ಹಿಡಿ ಅಕ್ಕಿ ಅನ್ನ ಬೇಡ ಅಂದ್ಯಂತೆ."

ಸೊಸೆ ತಿರುಗಿ ನನ್ನನ್ನು ನೋಡಿದಳು.

"ಸರಿಯಾಗೇ ಮಾಡಿದ್ದೀಯ. ತಿನ್ನಕ್ಕಾಗಲ್ಲ ಅದು. ನನ್ ಹಲ್ಲು ನೋಡ್ಬೇಕು ನೀನು."

ಸೊಸೆಯ ತುಟಿ ಸ್ವಲ್ಪ ಅಲುಗಾಡಿತು. "ನಿಮ್ಗೆ ಯಾರೂ ಏನೂ ಅಂತಿರ್ಲಿಲ್ವಾ?" ಎಂದಳು.

"ಅಂತಿದ್ರು ಅಕ್ಕ. ಸ್ಕೂಲಲ್ಲಿ ನನ್ ಹೆಸರೇ ಹಿಡಿ ಅಕ್ಕಿ. ಟೀಚರೂ ಒಂದಿನ ಹಂಗೇ ಕರೆದುಬಿಟ್ರು, ಪಾಪ, ಮರೆತು." ಆಕಡೆ ಯಾವುದೋ ಮಗು ಅಳುತ್ತಿತ್ತು. "ನೋಡು, ಅನ್ನ ಮಾಡ್ಬೇಡ. ಮಿಲ್ಲಿಗೆ ಹಾಕ್ಸಿ ಹಿಟ್ ಮಾಡ್ಸು, ರೊಟ್ಟಿ ತಟ್ಟು. ಹಿಟ್ಟಾದ್ರೆ ಯಾವ್ ಮನೆ ಅಕ್ಕಿನೂ ಗೊತ್ತಾಗಲ್ಲ. ಅಮ್ಮಂಗೆ ಈ ಬುದ್ಧಿ ಬಂದಿದ್ದು ನಂಗೆ ಹಾಲ್ ಹಲ್ಲು ಬಿದ್ದ ಮೇಲೆ. ಮಗು ಆದ ತಕ್ಷಣ ಹೇಳ್ಬೇಕು ನಂಗೆ, ಆಯ್ತಾ? ಇಲ್ಲಿಂದಾನೇ ತೂಕ ಕೇಳ್ತೀನಿ."

ಲೈನು ಕಡಿದು ಹೋಯಿತು. ಸೊಸೆ ಫೋನನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆದರೂ ಆ ದಿನ ತಿನ್ನಲಿಲ್ಲ. ಮಾತು ಕೇಳಿದ ಮಾತ್ರಕ್ಕೆ ಬಗ್ಗುವ ಜನ ಅಲ್ಲ ಅವಳ ಮನೆಯವರು.

ಬಗ್ಗಿದ್ದು ನನ್ನ ಕೈಯಿಂದ. ಅದೂ ನಾನು ಗೊತ್ತಿದ್ದು ಮಾಡಿದ್ದಲ್ಲ. ಒಂದು ಬೆಳಿಗ್ಗೆ ನನಗೊಬ್ಬಳಿಗೆ ಗಂಜಿ ಕಾಯಿಸಲು ಆ ಚರ್ಚಿನ ಅಕ್ಕಿಯನ್ನೇ ಪಾವಿನಲ್ಲಿ ಅಳೆದುಕೊಂಡೆ. ಕೈ ತಾನಾಗಿ ಒಂದು ಹಿಡಿ ತೆಗೆದು ಹಿಡಿ ಅಕ್ಕಿಯ ಡಬ್ಬಿಗೆ ಹಾಕಿತು. ಮದುವೆಯಾಗಿ ಬಂದ ದಿನದಿಂದ ಹಾಕಿದ ಕೈ. ಸೊಸೆ ಗೋಡೆ ಹಿಡಿದು ನಿಂತು ನೋಡುತ್ತಿದ್ದಳು.

"ಅತ್ತೆ, ಈಗೇನ್ ಮಾಡಿದ್ರಿ?"

"ಏನ್ ಮಾಡ್ದೆ?"

"ಚರ್ಚಿಂದ ಬಂದ ಅಕ್ಕಿನ ಚರ್ಚಿಗೇ ಎತ್ತಿಟ್ರಿ."

ನಾನು ಡಬ್ಬಿ ನೋಡಿದೆ. "ಕೈ ಹೋಯ್ತು ಕಣಮ್ಮ. ದಿನಾ ಹೋಗತ್ತಲ್ಲ."

ಅವಳಿಗೆ ನಗು ಬಂತು. ಮಗ ಹೋದ ಮೇಲೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗುತ್ತ ನಗುತ್ತ ಕೆಳಗೆ ಕೂತಳು, ಹೊಟ್ಟೆ ಹಿಡಿದುಕೊಂಡಳು, ಆಮೇಲೆ ಅದು ಅಳುವಾಯಿತು. ಆವತ್ತು ಸಮಾಧಿಯ ಹತ್ತಿರ ಅಳದೇ ಉಳಿದಿದ್ದೆಲ್ಲ ಅಡಿಗೆಮನೆಯಲ್ಲಿ ಬಂತು. ನಾನು ಒಲೆ ಆರಿಸಿ ಪಕ್ಕದಲ್ಲಿ ಕೂತೆ.

ಮೂಗು ಒರೆಸಿಕೊಂಡು ಕೇಳಿದಳು: "ತಗೊಳ್ಳೋರೂ ಹಾಕಬಹುದಾ ಅದಕ್ಕೆ?"

"ನಾವು ಹಾಕ್ದಾಗ ಯಾರೂ ಕೇಳಿಲ್ಲ. ನನ್ ಗೆಳತಿ, ತನ್ ಮಗಳನ್ನ ಸಾಕ್ತಿದ್ದಾಗಲೂ ಹಾಕ್ತಿದ್ಲು."

"ಅದೇ ಅಕ್ಕಿನಾ?"

"ಅದೇ ಅಕ್ಕಿನೇ. ಇನ್ನೆಲ್ಲಿತ್ತು ಅವಳ ಹತ್ರ."

ಅವಳು ಎದ್ದು ತನ್ನ ಡಬ್ಬಿ ತಂದಳು. ಕಂಡಿಕೆ ಸುತ್ತಿದ ಕೂಲಿಯಲ್ಲಿ ತಂದ ಅಕ್ಕಿ, ತಳದಲ್ಲಿ ಒಂದಿಷ್ಟು ಉಳಿದಿತ್ತು. ಅದರಿಂದ ಒಂದು ಹಿಡಿ ತೆಗೆದು ಚರ್ಚಿನ ಡಬ್ಬಿಗೆ ಹಾಕಿದಳು. ಮುಷ್ಟಿ ತುಂಬಲಿಲ್ಲ, ಆದರೂ ಹಾಕಿದಳು. "ಮೊದ್ಲು ನಂದು ಹೋಗ್ಲಿ" ಎಂದಳು. "ಇದು ದೂರದ ಪಾಲಿಗೆ, ಆ ಹಲ್ಲು ಹೋದ ಅಕ್ಕಂಗೆ. ಇನ್ನು ಆ ಚೀಲ ಎಲ್ಲಿ ಬಚ್ಚಿಟ್ಟಿದ್ದೀರೋ ತನ್ನಿ. ಮಿಲ್ಲಿಗೆ ಹೋಗ್ಬರ್ತೀನಿ."

ನಾನೇ ಹೋದೆ, ನೋಯುವ ಮಂಡಿಯಲ್ಲಿ. ಬಿಸಿ ಹಿಟ್ಟು ತಲೆಯ ಮೇಲೆ ಹೊತ್ತು ಬರುವಾಗ ಬೀದಿಯಲ್ಲಿ ಹಾಡಿಕೊಂಡು ಬಂದೆನಂತೆ, ಗೆಳತಿ ಈಗಲೂ ಆಡಿಕೊಳ್ಳುತ್ತಾಳೆ. ಅವತ್ತು ಸೊಸೆ ರೊಟ್ಟಿ ತಿಂದಳು. ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ತಟ್ಟಿದ್ದೆ. ಅವಳು ತಿನ್ನುವುದನ್ನು ನೋಡುತ್ತ ಕೂತಿದ್ದಕ್ಕೆ ಹೆಂಚಿನ ಮೇಲಿನದ್ದು ಸೀದು ಹೋಯಿತು. ಆ ಸೀದದ್ದನ್ನೂ ಬಿಡಲಿಲ್ಲ ಅವಳು.

ಮಾತು ಬಾರದೆ ಇರಲಿಲ್ಲ. ಚೀಲ ಬಂದ ಸುದ್ದಿ ಎರಡು ಬೀದಿ ದಾಟಿತು. ನಲ್ಲಿಯ ಹತ್ತಿರ ಅವಳ ಚಿಕ್ಕಮ್ಮ, "ಕೊನೆಗೂ ಮೂಟೆ ಸಿಕ್ತಾ?" ಎಂದು ಕೇಳಿದಳಂತೆ. ಸೊಸೆ ಬಿಂದಿಗೆ ಸೊಂಟಕ್ಕಿಟ್ಟುಕೊಂಡು, "ಸಿಕ್ತು ಚಿಕ್ಕಮ್ಮ, ನಾನೂ ಹಾಕ್ತಿದ್ದೀನಿ" ಎಂದು ಬಂದಳಂತೆ. ಮನೆಗೆ ಬಂದವಳು ಬಿಂದಿಗೆ ಇಳಿಸಿ, ಬಾಗಿಲು ಹಾಕಿಕೊಂಡು ಕೂತಳು. ತಡೆದುಕೊಳ್ಳುವುದು ಹೇಳಿದಷ್ಟು ಸುಲಭವಾಗಿರಲಿಲ್ಲ.

ದಿನ ತುಂಬುವ ಮೊದಲೇ ನೋವು ಬಂತು. ಇಲ್ಲಿನ ಆಸ್ಪತ್ರೆಯವರು ನೋಡಿ ಬೆಂಗಳೂರಿಗೆ ಕಳಿಸಿದರು. ಆಂಬ್ಯುಲೆನ್ಸು ಮಗ ಸತ್ತ ಜಾಗದ ಮೇಲೇ ಹೋಯಿತು. ನಾನು ಕಿಟಕಿಯ ಕಡೆ ನೋಡಲಿಲ್ಲ, ಅವಳ ಕೈ ಹಿಡಿದುಕೊಂಡಿದ್ದೆ. ಅವಳೂ ಗೊತ್ತಿದ್ದೇ ಕಣ್ಣು ಮುಚ್ಚಿಕೊಂಡಿದ್ದಳು.

ಕೂಸನ್ನು ನನಗೆ ತೋರಿಸಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೇವೆ ಎಂದರು. ಡಾಕ್ಟರಮ್ಮ ಹೊರಗೆ ಬಂದು ನನ್ನನ್ನು ಬೈದರು. "ಬಸುರಿ ಹೆಂಗಸಿಗೆ ಊಟ ಹಾಕೋದಲ್ವಾ ಅಜ್ಜಿ? ಈ ಎರಡು ತಿಂಗಳಲ್ಲಿ ಸ್ವಲ್ಪ ರಕ್ತ ಕೂಡ್ಕೊಂಡಿದೆ, ಅದಕ್ಕೆ ಬದುಕಿದ್ದಾಳೆ. ಇಲ್ದಿದ್ರೆ ಇಬ್ರಲ್ಲಿ ಒಬ್ರನ್ನೂ ನಿಮ್ ಕೈಗೆ ಕೊಡ್ತಿರ್ಲಿಲ್ಲ ನಾನು." ನಾನು ಅವರಿಗೆ ಕೈ ಮುಗಿದೆ. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟವಳು ಆ ಆಸ್ಪತ್ರೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಆ ದಿನವೇ ಗೆಳತಿ ಮಗಳಿಗೆ ಫೋನು ಹಚ್ಚಿದಳು, ಹೋಗಲಿಲ್ಲ. ಮಾರನೆಯ ದಿನವೂ ಹೋಗಲಿಲ್ಲ. ನೆಟ್‌ವರ್ಕ್ ಇರುವುದಿಲ್ಲ ಎಂದುಕೊಂಡೆವು. ತೂಕ ಬರೆದಿಟ್ಟುಕೊಂಡೆವು, ಕರೆ ಬಂದಾಗ ಹೇಳಲು.

ಪೆಟ್ಟಿಗೆಯಿಂದ ಬಿಡಿಸಿಕೊಂಡು, ಮನೆಗೆ ತಂದು, ಬಾಣಂತನ ಮುಗಿಸಿ, ಒಂದು ಭಾನುವಾರ ಮಗುವನ್ನು ದೇವರಿಗೆ ಸ್ತೋತ್ರ ಸಲ್ಲಿಸಲು ಚರ್ಚಿಗೆ ಒಯ್ದೆವು. ಸೊಸೆ ಕುಂಕುಮ ಇಟ್ಟುಕೊಂಡೇ ಬಂದಳು. ಅಯ್ಯನವರು ಆರಾಧನೆಗೆ ಮುಂಚೆ ನಮ್ಮ ಬೆಂಚಿನ ಹತ್ತಿರ ಬಂದು ಬಗ್ಗಿದರು.

"ಅಮ್ಮ, ನಿಮಗಿದು ಸಂತೋಷದ ದಿನ. ಆದರೆ ಪ್ರಾರ್ಥನೇಲಿ ಒಂದು ಸುದ್ದಿ ಹೇಳ್ಬೇಕು. ಮೊದ್ಲೇ ನಿಮಗೆ ಹೇಳಿ ಅಂದ್ರು ನಿಮ್ಮ ಗೆಳತಿ."

ಗೆಳತಿಯ ಮಗಳಿದ್ದ ಕಡೆ ಜ್ವರ ಹಬ್ಬಿತ್ತಂತೆ. ಆಸ್ಪತ್ರೆ ಬಿಟ್ಟು ಬರಲಿಲ್ಲವಂತೆ ಅವಳು. ಅಲ್ಲೇ ಮಣ್ಣು ಮಾಡಿದ್ದಾರೆ. ಮಿಷನ್ನಿನವರಿಗೇ ಸುದ್ದಿ ತಡವಾಗಿ ಸಿಕ್ಕಿದೆ. ಅವಳು ಹೋದದ್ದು ನನ್ನ ಮೊಮ್ಮಗಳು ಗಾಜಿನ ಪೆಟ್ಟಿಗೆಯಲ್ಲಿದ್ದ ದಿನಗಳಲ್ಲೇ.

ನಾನು ತಿರುಗಿ ನೋಡಿದೆ. ಗೆಳತಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮಗುವಿನ ಸ್ತೋತ್ರ ಇನ್ನೊಂದು ವಾರಕ್ಕೆ ಹಾಕೋಣ ಎಂದು ಅಯ್ಯನವರು ಹೇಳಿದ್ದಕ್ಕೆ ಅವಳೇ ಬೇಡ ಎಂದಳಂತೆ. ನಾನು ಎದ್ದು ಅವಳ ಪಕ್ಕ ಹೋಗಿ ಕೂತೆ. ಅವಳು ಮಗುವನ್ನು ತನ್ನ ತೊಡೆಗೆ ಕೇಳಿ ತೆಗೆದುಕೊಂಡಳು. ತೂಗಿ ನೋಡುವ ಹಾಗೆ ಎರಡು ಕೈಯಲ್ಲಿ ಸ್ವಲ್ಪ ಎತ್ತಿದಳು. "ಎಷ್ಟಿದ್ಯೇ ನೀನು" ಎಂದಳು. ಆ ಆರಾಧನೆಯಲ್ಲಿ ನಾನು ಯಾವ ಹಾಡು ಹಾಡಿದೆನೋ ನೆನಪಿಲ್ಲ.

ತಿಂಗಳ ಕೊನೆಗೆ ಅವಳು ಚೀಲ ಹಿಡಿದು ಬಂದಳು. ಬರುತ್ತಾಳೆಂದು ನಾವ್ಯಾರೂ ಅಂದುಕೊಂಡಿರಲಿಲ್ಲ. ಮಾಮೂಲಿ ಮಾತು ಆಡಲಿಲ್ಲ, ಚೀಲದ ಬಾಯಿ ಬಿಡಿಸಿ ನಿಂತಳು. ಸೊಸೆ ಡಬ್ಬಿ ತಂದು ಸುರಿಯದೆ ನಿಂತುಕೊಂಡಳು.

"ಅಮ್ಮ, ಇನ್ನು ದೂರದ ಪಾಲು ಯಾರಿಗೆ?"

"ಅವಳ ಜಾಗಕ್ಕೆ ಇನ್ಯಾರೋ ಹೋಗ್ತಾರಂತೆ" ಎಂದಳು ಗೆಳತಿ. "ಅವ್ರಿಗೂ ಹೊಟ್ಟೆ ಇರತ್ತೆ. ಹಾಕು."

ಸೊಸೆ ಹಾಕಿದಳು.

ಅದೆಲ್ಲ ಆಗಿ ಮೂರು ವರ್ಷ. ಮಗ್ಗಗಳು ಮತ್ತೆ ಓಡುತ್ತಿವೆ, ಸೊಸೆಗೆ ಕೆಲಸ ಇದೆ. ಅವಳ ಅಪ್ಪ ಇವತ್ತಿಗೂ ಬಂದಿಲ್ಲ. ಗೆಳತಿ ಮೊದಲಿನಷ್ಟು ಬೈಯುವುದಿಲ್ಲ, ಅದೇ ನನಗೆ ಸಂಕಟ. ಮಗಳ ಸಮಾಧಿ ಹೇಗಿದೆ ಎಂದು ಅವಳು ನೋಡಿಲ್ಲ, ನೋಡುವುದೂ ಇಲ್ಲ.

ಮೊನ್ನೆ ಗೆಳತಿ ಚೀಲ ಹಿಡಿದು ಬಂದಾಗ ನನ್ನ ಮೊಮ್ಮಗಳು ತಾನೇ ಹಾಕುತ್ತೇನೆ ಎಂದು ಹಟ ಹಿಡಿದಳು. ಅವಳ ಮುಷ್ಟಿಯಲ್ಲಿ ಎಷ್ಟು ಹಿಡಿಸೀತು. ಬಾಗಿಲವರೆಗೆ ಓಡುವಷ್ಟರಲ್ಲಿ ಅರ್ಧ ಉದುರಿತು. ಉಳಿದದ್ದನ್ನು ಚೀಲಕ್ಕೆ ಹಾಕಿದಳು. ಆಮೇಲೆ ಚೀಲದೊಳಗೆ ಬಗ್ಗಿ, ಬೇರೆಯವರ ಮನೆಯ ಅಕ್ಕಿಯನ್ನು ಬಾಚಿಕೊಂಡು ಬಾಯಿಗೆ ಹಾಕಿ, ಹೊಸಿಲ ಮೇಲೆ ಕೂತು ಕಟಕಟ ಅಗಿಯತೊಡಗಿದಳು.

"ಏ, ಹಸಿ ಅಕ್ಕಿ ತಿನ್ಬಾರ್ದು" ಎಂದು ನಾನು ಕೈ ಚಾಚಿದೆ.

"ತಿನ್ಲಿ ಬಿಡೇ" ಎಂದಳು ಗೆಳತಿ. "ಹಲ್ಲು ಗಟ್ಟಿ ಇದೆ ಇದಕ್ಕೆ."

ಅದೇ ಹೊತ್ತಿಗೆ ಸೊಸೆಯ ಚಿಕ್ಕಮ್ಮ ತರಕಾರಿ ಚೀಲ ಹಿಡಿದುಕೊಂಡು ಬೀದಿಯಲ್ಲಿ ಬಂದಳು. ಮಗುವನ್ನು ನೋಡಿದಳು, ಚರ್ಚಿನ ಚೀಲ ನೋಡಿದಳು. ಸೊಸೆ ಬಾಗಿಲಲ್ಲೇ ಇದ್ದಳು. ಓಡಿ ಬಂದು ಮಗುವಿನ ಬಾಯಿ ಒರೆಸಿ ಒಳಗೆ ಎತ್ತಿಕೊಂಡು ಹೋಗುತ್ತಾಳೆಂದು ನಾನು ಅಂದುಕೊಂಡೆ. ಅವಳು ಕೆಳಗೆ ಬಗ್ಗಿ, ಮಗು ಉದುರಿಸಿದ ಕಾಳುಗಳನ್ನು ಒಂದೊಂದಾಗಿ ಆಯ್ದು ಅಂಗೈಗೆ ಹಾಕಿಕೊಂಡು, ಅದೇ ಹೊಸಿಲ ಮೇಲೆ ಮಗಳ ಪಕ್ಕ ಕೂತಳು.

ಚಿಕ್ಕಮ್ಮ ನಿಂತೇ ಇದ್ದಳು. ನನ್ನ ಮೊಮ್ಮಗಳು ಅಗಿಯುವುದನ್ನು ನಿಲ್ಲಿಸದೆ, ಮುಷ್ಟಿ ಬಿಡಿಸಿ, ಒದ್ದೆಯಾದ ನಾಲ್ಕು ಕಾಳನ್ನು ಅವಳ ಕಡೆಗೂ ಚಾಚಿದಳು.